ಉಬ್ಬಿದ ಪಟ್ಟಿ

"ದಾಕ್ಷಾ, ಪಟ್ಟಿ ಉಬ್ಬೇತಿ ನೋಡವಾ. ರೊಟ್ಟಿ ಉಬ್ಬಿದಂಗ ಉಬ್ಬೇತಿ."

ಫೋನಿನಲ್ಲಿ ಮುರುಗೆಪ್ಪ ಕಾಕಾ ಒಂದೇ ಉಸಿರಿಗೆ ಹೇಳಿದ. ಹಿಂದೆಯೇ ವಿಡಿಯೋ ಬಂತು. ಕಾಕಾನ ಹೆಂಡತಿ ಗೌರಕ್ಕ ಚಿಗವ್ವನ ಅಂಗಾಲು, ಅಲ್ಲಿನ ಗಾಯಕ್ಕೆ ಅಂಟಿಸಿದ ಔಷಧದ ಪಟ್ಟಿ, ಒಳಗೆ ಗಾಳಿ ತುಂಬಿ ಎದ್ದು ನಿಂತ ಅದರ ಅಂಚು. ಕಾಕಾನ ಬೆರಳುಗಳು ಅದನ್ನು ಒತ್ತಿ ಒತ್ತಿ ತೋರಿಸುತ್ತಿದ್ದವು. ಹುಬ್ಬಳ್ಳಿಗೆ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಸಣ್ಣ ಪ್ರಯೋಗಾಲಯದಲ್ಲಿ ದಾಕ್ಷಾಯಿಣಿ ಕುರ್ಚಿಯಿಂದ ಎದ್ದಳು, ಕೂತಳು, ಮತ್ತೆ ಎದ್ದಳು. ಹಿಗ್ಗಿ ಹೀರೇಕಾಯಿ ಆಗುವುದೆಂದರೆ ಏನೆಂದು ಆವತ್ತು ಅವಳನ್ನು ನೋಡಿದವರಿಗೆ ಗೊತ್ತು.

ಹಿಗ್ಗಬಾರದೇ ಮತ್ತೆ? ಆ ಪಟ್ಟಿ ಅವಳದೇ ಕೂಸು. ಅದರೊಳಗೆ ಎರಡು ಪದರ. ಒಂದರಲ್ಲಿ ನೈಟ್ರೈಟ್ ಎಂಬ ಉಪ್ಪು, ಇನ್ನೊಂದರಲ್ಲಿ ನಿಂಬೆಹುಳಿ ಬೆರೆಸಿದ ಲೋಳೆ. ಗಾಯದ ತೇವ ತಾಕಿದೊಡನೆ ಎರಡೂ ಕೂಡಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಇಷ್ಟಿಷ್ಟೇ ಹೊರಡುತ್ತದೆ. ಅದು ಬಿಗಿದ ರಕ್ತನಾಳಗಳನ್ನು ಸಡಿಲಿಸುತ್ತದೆ, ಗಾಯದಲ್ಲಿ ಬೀಡುಬಿಟ್ಟ ಕ್ರಿಮಿಗಳನ್ನು ಕೊಲ್ಲುತ್ತದೆ. ಅನಿಲ ಹೊರಟದ್ದು ತಿಳಿಯಲೆಂದು ಪಟ್ಟಿಯ ಬೆನ್ನಿಗೆ ಕುಂಕುಮದ ಬೊಟ್ಟಿನಷ್ಟು ಬಿಳಿಯ ಗುರುತು ಇಟ್ಟಿದ್ದಳು. ಹೊರಟರೆ ಅದು ಗುಲಾಬಿಯಾಗಬೇಕು. ಆಸ್ಪತ್ರೆಯ ಪರೀಕ್ಷೆಗೆ ಒಪ್ಪಿದ ರೋಗಿಗಳೆಲ್ಲರಿಗೂ ಆಯಿತು. ಆಗದೇ ಉಳಿದದ್ದು ಗೌರಕ್ಕನೊಬ್ಬಳಿಗೆ.

ದೇವರ ಆಟ ಎಂದರೆ ಇದೇ. ತಾಯಿ ಸತ್ತ ಹುಡುಗಿಯನ್ನು ಮಡಿಲಿಗೆ ಎಳೆದುಕೊಂಡು, ತಲೆ ಬಾಚಿ, ಡಬ್ಬಿ ಕಟ್ಟಿ ಶಾಲೆಗೆ ಕಳಿಸಿದ ಚಿಗವ್ವ ಅವಳು. ಸಕ್ಕರೆ ಕಾಯಿಲೆಗೆ ಕಾಲು ಮರಗಟ್ಟಿತ್ತು. ಹೊಸ ಚಪ್ಪಲಿ ಕಚ್ಚಿದ್ದು ತಿಳಿಯಲೇ ಇಲ್ಲ. ತಿಳಿಯುವಷ್ಟರಲ್ಲಿ ಹೆಬ್ಬೆರಳಿನ ಬುಡದಲ್ಲಿ ಗಾಯ ಗುಳಿಬಿದ್ದಿತ್ತು. ಈ ತಿಂಗಳೊಳಗೆ ಇಳಿಯದಿದ್ದರೆ ಬೆರಳು ತೆಗೆಯಲೇಬೇಕು ಎಂದು ಡಾಕ್ಟರ್ ಸುಮಲತಾ ಮೊನ್ನೆಯಷ್ಟೇ ಹೇಳಿದ್ದರು. ಊರಿಗೆಲ್ಲ ಹತ್ತುವ ಔಷಧ ಮನೆಯವಳಿಗೇ ಹತ್ತದಿದ್ದರೆ ಮಾಡಿದವಳ ಹೊಟ್ಟೆ ಉರಿಯದೇ?

ಜೊತೆಗೆ ಕೆಲಸ ಮಾಡುವ ಮೆಹಬೂಬ ವಿಡಿಯೋ ನೋಡಿ ಕೇಳಿದ, "ಗುರುತು ಕಾಕಾರ ಬೆರಳಾಗ ಮುಚ್ಚೇತಿ, ಗುಲಾಬಿ ಆಗೇತೇನ್ರಿ?"

"ಇಷ್ಟು ಗ್ಯಾಸ್ ಬಂದ ಮ್ಯಾಲೆ ಆಗದ ಎಲ್ಲಿ ಹೋಗತೈತಿ?"

"ಅಲ್ರಿ, ನಮ್ಮ ಪಟ್ಟಿ ಎಂದೂ ಉಬ್ಬಿಲ್ಲ."

ಅವಳ ಕಿವಿಗೆ ಅದೆಲ್ಲ ಬಿದ್ದರೆ ತಾನೆ! ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ದಾರಿಯಲ್ಲಿ ಪೇಢೆ ಕಟ್ಟಿಸಿಕೊಂಡು ಹುಬ್ಬಳ್ಳಿಗೆ ಗಾಡಿ ಓಡಿಸಿದಳು.

ಗೌರಕ್ಕ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ದಾಕ್ಷಾಯಿಣಿ ಬಗ್ಗಿ ಗುರುತು ನೋಡಿದಳು. ಬಿಳಿ. ಹಾಲಿನಷ್ಟು ಬಿಳಿ. ಕೈಗವಸು ಹಾಕಿಕೊಂಡು ಪಟ್ಟಿ ಬಿಡಿಸಿದಳು. ತಿಳಿಯಾಗಿರಬೇಕಿದ್ದ ಲೋಳೆ ಬೂದುಬಣ್ಣದ ನೊರೆಯಾಗಿತ್ತು. ಗಾಯದ ಸುತ್ತ ಬಿಳಿಯ ಕೆಸರು. ಅದರಲ್ಲಿ ಒಂದಿಷ್ಟನ್ನು ಚಮಚೆಗೆ ಬಳಿದುಕೊಂಡು ಅಡುಗೆಮನೆಗೆ ಹೋಗಿ ನಿಂಬೆಹಣ್ಣು ಹಿಂಡಿದಳು. ಬುಸುಬುಸು ಗುಳ್ಳೆ ಎದ್ದವು.

ಎಲ್ಲ ತಿಳಿಯಿತು. ಪಟ್ಟಿ ಉಬ್ಬಿಸಿದ್ದು ಅವಳ ಅನಿಲವಲ್ಲ, ಸೋಡಾ ಬಾಟಲಿಯ ಅನಿಲ. ಹುಳಿ ತಾಕಿದರೆ ಹೀಗೆ ಬುಸುಗುಡುವುದು ಬೂದಿ. ಗಾಯಕ್ಕೆ ಯಾರೋ ವಿಭೂತಿ ಬಳಿದಿದ್ದರು. ಬೂದಿ ಕೂತು ಹುಳಿಯನ್ನೆಲ್ಲ ತಿಂದುಬಿಟ್ಟರೆ ಪಾಪದ ನೈಟ್ರೈಟ್ ಏನು ಮಾಡೀತು?

ಚಿಗವ್ವನ ಹಣೆಯ ಮೇಲಿನ ಮೂರು ಪಟ್ಟೆ ನೋಡಿ ಅವಳಿಗೆ ಸಿಟ್ಟು ನೆತ್ತಿಗೇರಿತು. "ಚಿಗವ್ವಾ, ಗಾಯಕ್ಕ ವಿಭೂತಿ ಹಚ್ಚೀಯೇನು?"

"ಬಗ್ಗಾಕ ಬರಂಗಿಲ್ಲ, ಅಂಗಾಲು ಕಾಣಂಗಿಲ್ಲ. ನಾ ಎಲ್ಲಿ ಹಚ್ಚಲಿ? ಪಟ್ಟಿ ಬದಲಿ ಮಾಡೋರು ನಿಮ್ಮ ಕಾಕಾ."

ಕಾಕಾನೇ? ಹತ್ತಿ ವ್ಯಾಪಾರದ ಮುರುಗೆಪ್ಪ ಪ್ರಾಯದಲ್ಲೇ ವಿಭೂತಿ ಬಿಟ್ಟವನು. ಡಾಕ್ಟರು ಹೇಳಿದ್ದೇ ಮಂತ್ರ ಎಂದು ಕಂಡವರಿಗೆಲ್ಲ ಬುದ್ಧಿ ಹೇಳುವವನು. ದಾಕ್ಷಾಯಿಣಿ ವಿಡಿಯೋ ಮತ್ತೆ ತೆಗೆದಳು. ಪಟ್ಟಿ ಒತ್ತುವ ಕೈಯ ಮೂರು ಬೆರಳ ತುದಿ ಬೆಳ್ಳಗಿದ್ದವು. ತಲೆಯೆತ್ತಿದರೆ ಕಾಕಾ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆ ನೋಡುತ್ತ ನಿಂತಿದ್ದ.

"ದಿನಾ ಒಂದು ಚಿಟಿಕಿ ಹಚ್ತಿದ್ದೆ," ಎಂದ ಗೋಡೆಗೇ. "ಬೆರಳು ತಗೀತೇವಿ ಅಂದ್ರಲ್ಲ, ಇವತ್ತ ವಿಭೂತಿಗಟ್ಟಿನ ತೇಯ್ದು ತುಂಬಿದೆ."

"ನಿಮಗ ಅದರಾಗ ನಂಬಿಕಿ ಇಲ್ಲಲ್ಲ, ಕಾಕಾ."

"ನಂಬಿಕಿ ಇಲ್ಲವಾ. ಹೆದರಿಕಿ ಇತ್ತು."

ನಾಲಿಗೆಯ ತುದಿಗೆ ಬಂದ ಬೈಗುಳವನ್ನು ದಾಕ್ಷಾಯಿಣಿ ನುಂಗಿಕೊಂಡಳು. ಗೌರಕ್ಕ ಗಂಡನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ದಾಕ್ಷಾಯಿಣಿಗೆ ಇನ್ನೊಂದು ಹೊಳೆಯಿತು, ಹೊಳೆದದ್ದೇ ಕೈಕಾಲಿಗೆ ಜೀವ ಬಂತು. ಪಟ್ಟಿ ಸೋತಿರಲಿಲ್ಲ. ಗೆಲ್ಲಲು ಅದಕ್ಕೊಂದು ಅವಕಾಶವೇ ಸಿಕ್ಕಿರಲಿಲ್ಲ!

ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಂಡು ಗಾಯ ತೊಳೆದು ಹೊಸ ಪಟ್ಟಿ ಹಾಕಿದಳು. ಮೂವರೂ ಗುರುತಿನ ಮೇಲೆ ಕಣ್ಣಿಟ್ಟು ಕೂತರು. ಕಾಕಾ ಮಾಡಿದ ಚಹಾ ಆರಿ ಕೆನೆಗಟ್ಟಿತು, ಯಾರೂ ಮುಟ್ಟಲಿಲ್ಲ. ಗುರುತಿನ ಅಂಚು ಕೆಂಪಗಾದಂತೆ ಕಂಡಿತು. ಕಣ್ಣಿನ ಭ್ರಮೆಯೇನೋ ಎಂದುಕೊಂಡಳು. ಇಲ್ಲ, ಇಷ್ಟಿಷ್ಟೇ ಹರಡಿ ಇಡೀ ಗುರುತು ಗುಲಾಬಿಯಾಯಿತು.

"ಆತು," ಎಂದಳು ದಾಕ್ಷಾಯಿಣಿ. ಅಷ್ಟೇ ಹೇಳಲು ಬಂತು. ಕಾಕಾ ಕೂತಲ್ಲೇ ಸಣ್ಣ ಮಗುವಿನಂತೆ ಅತ್ತುಬಿಟ್ಟ.

ಸುಮಲತಾ ಇನ್ನೊಂದು ತಿಂಗಳು ಕೊಟ್ಟರು. ಅಷ್ಟರಲ್ಲೂ ಗಾಯ ಇಳಿಯದಿದ್ದರೆ ಬೆರಳು ಉಳಿಸುವ ಮಾತು ಆಡಬೇಡಿ ಎಂದರು.

ಮರುದಿನ ಬೇಲೂರಿನಲ್ಲಿ ಮೆಹಬೂಬ ಗೊಣಗಿದ, "ಗಾಯಕ್ಕ ಏನೂ ಹಚ್ಚಬ್ಯಾಡ್ರಿ ಅಂತ ದೊಡ್ಡ ಅಕ್ಷರದಾಗ ಬರದು ಅಂಟಸೂಣು."

"ನಮ್ಮ ಕಾಕಾಗ ಓದಾಕ ಬರ್ತಿತ್ತು, ಮೆಹಬೂಬ. ಒಬ್ಬರು ಬೂದಿ ಹಚ್ತಾರ, ಒಬ್ಬರು ಅರಿಷಿಣ, ಒಬ್ಬರು ಕಾಫಿಪುಡಿ. ಅಂಜಿದ ಕೈ ಸುಮ್ಮ ಕೂಡಂಗಿಲ್ಲ. ಅದನ್ನೆಲ್ಲ ನಮ್ಮ ಪಟ್ಟೀನ ತಡಕೋಬೇಕು."

ಗಾಯದ ಕಡೆಗೊಂದು ತೆಳು ಪೊರೆ ಬೇಕು. ಅನಿಲ ದಾಟಬೇಕು, ಬೂದಿ ದಾಟಬಾರದು. ಇಬ್ಬರೂ ಅಂದೇ ಕೂತರು. ಔಷಧದ ಮೇಜಿನ ಮೇಲೆ ವಿಭೂತಿಗಟ್ಟಿ, ಅರಿಶಿನ, ಕಾಫಿಪುಡಿ ಸಾಲಾಗಿ ಬಂದು ಕೂತವು. ಪ್ರಯೋಗಾಲಯವೋ ಕಿರಾಣಿ ಅಂಗಡಿಯೋ ಎಂದು ಬಂದವರು ನಗಾಡಿದರು. ನಗಲಿ ಬಿಡಿ.

ತಿಂಗಳು ತುಂಬಿದ ದಿನ ಆಸ್ಪತ್ರೆಯಲ್ಲಿ ಸುಮಲತಾ ಗಾಯ ಅಳೆದರು. ಗುಳಿ ತುಂಬಿ ಸುತ್ತಲೂ ಎಳೆಯ ಕೆಂಪು ಮಾಂಸ ಬಂದಿತ್ತು. ಅವರು ಮತ್ತೊಮ್ಮೆ ಅಳೆದು ನಕ್ಕರು. "ಬೆರಳು ಇರಲಿ ಬಿಡ್ರಿ. ಅದರ ಪಾಡಿಗೆ ಅದು ಇರತೈತಿ."

ಕಾಕಾನ ಕೈ ಅವನಿಗರಿವಿಲ್ಲದೆಯೇ ಜೇಬಿಗೆ ಹೋಯಿತು. ಕಿಸೆಯಲ್ಲಿ ಇನ್ನೂ ಇತ್ತು ಆ ಗಟ್ಟಿ! ಮೂರು ಬೆರಳು ಬೆಳ್ಳಗಾಗಿ ರೂಢಿಯಂತೆ ಕಾಲಿನ ಕಡೆ ಹೊರಟವು, ನಡುದಾರಿಯಲ್ಲಿ ನಿಂತವು. ಎಲ್ಲರೂ ಆ ಕೈ ನೋಡಿದರು. ಅದಕ್ಕೆ ಹೋಗಲು ಜಾಗವಿರಲಿಲ್ಲ.

"ಅಲ್ಲಿ ಬ್ಯಾಡ್ರಿ," ಎಂದಳು ಗೌರಕ್ಕ. "ಅಂಜಿದವರು ಯಾರೋ, ಅವರ ಹಣಿಗೆ ಹಚ್ಚ್ರಿ."

ಮುರುಗೆಪ್ಪ ತನ್ನ ಬೋಳು ಹಣೆಗೆ ಎಳೆದುಕೊಂಡ. ಎಷ್ಟೋ ವರ್ಷದ ರೂಢಿ ತಪ್ಪಿದ ಕೈ, ಮೂರೂ ಗೆರೆ ಸೊಟ್ಟಗಾದವು. ಗೌರಕ್ಕ ಮಂಚದಿಂದ ಇಳಿದಳು. ಹತ್ತೂ ಬೆರಳು ನೆಲಕ್ಕೂರಿ ನಿಂತು, ಸೆರಗಿನಿಂದ ಅವನ ಹಣೆ ಒರೆಸಿ, ತಾನೇ ನೆಟ್ಟಗೆ ಹಚ್ಚಿದಳು.