ಸೇತುವೆಯ ಕಡೆ ತಿರುಗಿದ್ದು

ಅಪ್ಪ ಮೂವತ್ತೊಂದು ವರ್ಷ ಊರೆಲ್ಲ ಸುತ್ತಿ ಅಂಚೆ ಹಂಚಿದವನು. ದಾರಿ ಕೇಳಿದರೆ ಅವನ ಬಾಯಿಗೆ ರಸ್ತೆಯ ಹೆಸರು ಬರುತ್ತಿರಲಿಲ್ಲ, ಮನುಷ್ಯರು ಬರುತ್ತಿದ್ದರು. "ಸಿಡುಕು ಮೇಷ್ಟ್ರ ಮನೆ ದಾಟಿ ಎಡಕ್ಕೆ ಹೊಡಿ" ಅನ್ನುವನು. ಮೇಷ್ಟ್ರು ಸತ್ತು ಹತ್ತು ವರ್ಷ, ಆ ಮನೆ ಈಗ ಜಿಮ್. ಬೇಕರಿಯ ವ್ಯಾನ್ ಓಡಿಸುವ ಮಗಳಿಗೆ ಇದನ್ನು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಎರಡು ತಿಂಗಳ ಹಿಂದೆ ಅವನ ಒಳದಾರಿ ನಂಬಿ ಹೋಗಿ ಯಾರದೋ ಕಾಂಪೌಂಡ್ ಗೋಡೆಯೆದುರು ನಿಂತಾಗ, ಸಿಟ್ಟು ನೆತ್ತಿಗೇರಿ ಅಂದುಬಿಟ್ಟಳು: "ಇನ್ಮೇಲೆ ದಾರಿ ಫೋನ್ ಹೇಳುತ್ತೆ. ನೀನು ಬಾಯಿ ಮುಚ್ಕೊಂಡು ಕೂತ್ಕೋ ಅಪ್ಪಾ."

ಅಪ್ಪ ಹಾಗೇ ಕೂತ. ತನ್ನ ಮಾತಿಗೆ ಅವನು ಅಷ್ಟು ಬೆಲೆ ಕೊಡುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ.

ಇವತ್ತು ಹನ್ನೊಂದಕ್ಕೆ ಅತ್ತೆಗೆ, ಅಂದರೆ ಅಪ್ಪನ ಒಬ್ಬಳೇ ಅಕ್ಕನಿಗೆ, ಗಂಟಲಿನ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ, ಆಮೇಲೆ ಅವಳ ದನಿ ಯಾರಿಗೂ ಕೇಳಿಸುವುದಿಲ್ಲ. ಬೆಳಿಗ್ಗೆ ಗೊಗ್ಗರು ದನಿಯಲ್ಲೇ ತಮ್ಮನಿಗೆ ಫೋನ್ ಮಾಡಿದ್ದಳು: "ಬೇಗ ಬಾರೋ. ಫೋನಲ್ಲಿ ಬೈದ್ರೆ ತೃಪ್ತಿ ಇರಲ್ಲ. ಕಡೇ ಸಲ ಎದುರಿಗೆ ಕೂತು ಬೈಸ್ಕೊಂಡು ಹೋಗು." ಅಪ್ಪ ನಕ್ಕು, ಒಗೆದ ಶರಟು ಹಾಕಿ, ಮಗಳಿಗಿಂತ ಮೊದಲೇ ವ್ಯಾನ್ ಹತ್ತಿದ್ದ.

ಹತ್ತೂ ಕಾಲಿಗೆ ಫೋನು "ಎಡಕ್ಕೆ ತಿರುಗಿ" ಎಂದಿತು. ಅಪ್ಪ ಮುಂದಕ್ಕೆ ಬಾಗಿ, ಬಾಯಿ ತೆರೆದು, ಮತ್ತೆ ಸೀಟಿಗೆ ಒರಗಿದ. ಮಗಳು ತಿರುಗಿಸಿದಳು. ಒಂದು ಮೈಲಿ ಹೋದ ಮೇಲೆ ಸೇತುವೆ ಬಂತು. ಸೇತುವೆ ಅನ್ನುವುದಕ್ಕೆ ಎರಡು ಕಂಬ ಉಳಿದಿದ್ದವು, ಅವಕ್ಕೆ ಅಡ್ಡಲಾಗಿ ತಗಡಿನ ಬೇಲಿ. ಇವರಂತೆಯೇ ಫೋನ್ ನಂಬಿ ಬಂದ ಗಾಡಿಗಳು ಅಷ್ಟರಲ್ಲಿ ಹಿಂದೆ ಸಾಲುಗಟ್ಟಿದ್ದವು. ವ್ಯಾನ್ ಹಿಂದಕ್ಕೆ ತೆಗೆಯುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು.

ಆಸ್ಪತ್ರೆ ಮುಟ್ಟಿದಾಗ ಹನ್ನೊಂದೂ ಇಪ್ಪತ್ತು. ಅತ್ತೆಯನ್ನು ಒಳಗೆ ಕರೆದೊಯ್ದಾಗಿತ್ತು.

"ಕೊನೇವರೆಗೂ ಬಾಗಿಲ ಕಡೆ ನೋಡ್ತಾನೇ ಇದ್ರು" ಎಂದಳು ನರ್ಸ್.

ಬೆಂಚಿನ ಮೇಲೆ ಕೂತ ಅಪ್ಪ ಮೆಲ್ಲಗೆ ಬಾಯಿಬಿಟ್ಟ. "ಸೇತುವೆ ಕೆಡವಿದ್ದು ನಂಗೊತ್ತಿತ್ತು. ಹೋದ ವಾರ ಆ ಕಡೆ ನಡ್ಕೊಂಡು ಹೋದಾಗ ನೋಡಿದ್ದೆ."

"ಮತ್ಯಾಕೆ ಹೇಳ್ಲಿಲ್ಲ?"

"ಫೋನ್ ಹೇಳ್ತಿದೆಯಲ್ಲ, ಪಕ್ಕದಲ್ಲಿ ಬೇರೆ ದಾರಿ ಮಾಡಿರ್ಬೇಕು ಅಂದ್ಕೊಂಡೆ. ನಂದೇ ತಪ್ಪಾದ್ರೆ ಮತ್ತೆ ನಿಂಗೆ ಬೇಜಾರು."

ಮಗಳಿಗೆ ಆ ಗೋಡೆಯೆದುರು ಆಡಿದ್ದನ್ನು ಹೇಗಾದರೂ ವಾಪಸ್ಸು ತೆಗೆದುಕೊಳ್ಳಬೇಕೆನ್ನಿಸಿತು. ಆಡಿ ಎರಡು ತಿಂಗಳಾಗಿತ್ತು.

ಮರುದಿನ ಮಧ್ಯಾಹ್ನ ಅತ್ತೆಯನ್ನು ನೋಡಲು ಬಿಟ್ಟರು. ಕತ್ತಿನ ಸುತ್ತ ಬ್ಯಾಂಡೇಜು. ತಮ್ಮನನ್ನು ಕಂಡದ್ದೇ ಕಣ್ಣು ಕೆಕ್ಕರಿಸಿ, ನೋಟ್‌ಬುಕ್ ಎಳೆದುಕೊಂಡು ಬರೆದಳು: "ಯಾಕೋ ಬರಲಿಲ್ಲ?"

ಅಪ್ಪ ಮಗಳ ಕಡೆ ನೋಡಲೇ ಇಲ್ಲ. "ದಾರಿ ತಪ್ಪಿಸ್ಕೊಂಡೆ ಅಕ್ಕಾ. ವಯಸ್ಸಾಯ್ತು ನೋಡು" ಎಂದ.

'ಅಲ್ಲ ಅತ್ತೆ, ನಾನೇ ಬಾಯಿ ಮುಚ್ಚಿಸಿದ್ದು' ಎಂಬ ಮಾತು ಮಗಳ ನಾಲಿಗೆ ತುದಿಗೆ ಬಂದು ನಿಂತಿತು. ಅತ್ತೆ ಬರೆದದ್ದನ್ನು ಗೀಚಿ ಅಳಿಸಿ, ದಾರಿ ಮರೆಯುವಷ್ಟು ಮುದುಕನಾದ ತಮ್ಮನ ಕೈಯನ್ನು ಹಿಡಿದುಕೊಂಡಳು. ಮಗಳು ನೀರು ತರುತ್ತೇನೆಂದು ಹೊರಗೆ ಬಂದಳು.