ಗಂಡುಕೂಸಿನ ಗೋಧಿ

ಪುಣೆಯ ಸದಾಶಿವ ಪೇಠೆಯಲ್ಲಿ, ಒಂದೇ ಅಂಗಳದ ಸುತ್ತ ಹಲವು ಬಿಡಾರಗಳಿದ್ದ ನಮ್ಮ ವಾಡೆಯಲ್ಲಿ ಕಾರಕೂನ ಸಿದ್ರಾಮಪ್ಪನವರ ಮನೆಗೆ ಯಾರೇ ಬರಲಿ, ಅವರ ತಾಯಿ ಚನ್ನಬಸವ್ವ ಮೊದಲು ಮೊಮ್ಮಗನನ್ನು ಕರೆಯುತ್ತಿದ್ದರು. ಅವನ ಅಂಗಿ ಎತ್ತಿ ಹೊಟ್ಟೆ ತೋರಿಸುತ್ತಿದ್ದರು.

"ನೋಡ್ರಿ, ಗಣಪ್ಪನ ಹೊಟ್ಟಿ ಆಗೇದ. ಗೋಧಿ ತಿಂದ ಹೊಟ್ಟಿ ಇದು."

ಬಂದವರು ಹೌದ್ರಿ ಹೌದ್ರಿ ಎಂದು ಚಹಾ ಕುಡಿದು ಹೋಗುತ್ತಿದ್ದರು. ನಾನು ಹನ್ನೆರಡು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವಳು. ಆ ಊದಿದ ಹೊಟ್ಟೆಯ ಕೆಳಗಿನ ಕಡ್ಡಿಯಂಥ ಕಾಲುಗಳನ್ನು ಯಾರೂ ಯಾಕೆ ನೋಡುವುದಿಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂರು ವರ್ಷದ ಹೊಳಬಸಪ್ಪ ಮಾತ್ರ ಅಂಗಿ ಎತ್ತಿಸಿಕೊಂಡು ಸುಮ್ಮನೆ ನಿಲ್ಲುತ್ತಿದ್ದ.

ಈ ಮನೆಯವರು ವಿಜಾಪುರದ ಕಡೆಯವರು. ಊರಲ್ಲಿದ್ದಾಗ ವರ್ಷವಿಡೀ ಜೋಳದ ರೊಟ್ಟಿ ತಿಂದು, ಹಬ್ಬಕ್ಕೊಮ್ಮೆ ಗೋಧಿ ಹುಗ್ಗಿ ಉಂಡವರು. ಪುಣೆಗೆ ಬಂದು ಕೈಗೆ ಪಗಾರ ಬಂದದ್ದೇ ತಡ, ಗೋಧಿ ಮನೆತನದ ಮಾನವಾಯಿತು. ಆದರೆ ಆ ಮಾನ ಎಲ್ಲರಿಗೂ ಅಲ್ಲ. ಗಂಡಸರಿಗೆ ಚಪಾತಿ, ಗಂಡುಕೂಸಿಗೆ ದಿನಾ ಬೆಳಿಗ್ಗೆ ತುಪ್ಪ ಸುರಿದ ಹುಗ್ಗಿ, ಸೊಸೆಗೂ ಹೆಣ್ಣುಮಗುವಿಗೂ ಜೋಳದ ರೊಟ್ಟಿ. ರೊಟ್ಟಿ ತಿಂದ ಏಳು ವರ್ಷದ ಭೀಮವ್ವ ವಾಡೆಯ ಅಂಗಳದಲ್ಲಿ ಕುಣಿದಾಡುತ್ತಿದ್ದಳು. "ತಮ್ಮನ ಕಸುವೆಲ್ಲಾ ಇದss ನುಂಗೇದ ನೋಡ್ರಿ," ಎಂದು ಅಜ್ಜಿ ಆ ಹುಡುಗಿಯನ್ನೇ ಬಯ್ಯುತ್ತಿದ್ದರು.

ಹೊಳಬಸಪ್ಪನಿಗಿಂತ ಮೊದಲು ನಿಜಲಿಂಗ ಎಂಬ ಮಗನಿದ್ದ. ಅವನದೂ ಅದೇ ಹೊಟ್ಟೆ. ಅವನ ಭೇದಿ ಸುಣ್ಣ ಕಲಸಿದ ಹಾಗೆ ಬೆಳ್ಳಗೆ, ಜಿಡ್ಡುಜಿಡ್ಡಾಗಿ ಇರುತ್ತಿತ್ತು. ಆ ನಾತ ಅಂಗಳ ದಾಟಿ ನನ್ನ ಕೋಣೆಗೆ ಬರುತ್ತಿತ್ತು. ಬಾಯಿತುಂಬ ಹುಣ್ಣು, ಬಿಳಿಚಿದ ರೆಪ್ಪೆ, ಬಾಗಿದ ಮೊಣಕಾಲು. ಸಂಜೆಯಾದರೆ ಎದುರಿಗಿದ್ದ ತಟ್ಟೆ ಕಾಣದೆ ತಡಕಾಡುತ್ತಿದ್ದ. ಅವನು ಸೊರಗಿದಷ್ಟೂ ಹುಗ್ಗಿ ಹೆಚ್ಚಾಯಿತು. ಕೊನೆಗೆ ತಮ್ಮೂರು ಶಿರೂರಿನಿಂದ ಮುರುಗೆಪ್ಪ ಎಂಬ ಮುದುಕನನ್ನು ಕರೆಸಿ, ಕಾದ ಸಲಾಕೆಯಿಂದ ಹೊಟ್ಟೆಗೆ ಮೂರು ಬರೆ ಹಾಕಿಸಿದರು. ಬರೆ ಕೀವಾದವು. ಹತ್ತನೆಯ ದಿನ ಕೂಸು ಹೋಯಿತು.

ಅವನ ಶಿವಗಣಾರಾಧನೆಯ ದಿನ ಪಂಕ್ತಿಗೆ ಗೋಧಿ ಹುಗ್ಗಿಯನ್ನೇ ಬಡಿಸಿದರು. ನಾನೂ ಕೂತು ಉಂಡೆ.

ಅದು ಎರಡನೆಯ ಮಹಾಯುದ್ಧದ ಕಾಲ. ಎರಡು ತಿಂಗಳು ಅಂಗಡಿಯಲ್ಲಿ ಗೋಧಿಯೇ ಸಿಗಲಿಲ್ಲ. ವಿಧಿಯಿಲ್ಲದೆ ಹೊಳಬಸಪ್ಪನಿಗೂ ಜೋಳದ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಟ್ಟರು. ಒಂದು ದಿನ ನಳದ ಹತ್ತಿರ ಅವನ ತಾಯಿ ಶಿವಗಂಗವ್ವ ನನ್ನ ಸೆರಗು ಹಿಡಿದು ನಿಲ್ಲಿಸಿದಳು.

"ಬಾಯಾರ, ಕೂಸಿನ ಭೇದಿ ನಿಂತೈತ್ರಿ. ನಿನ್ನೆ ಭೀಮವ್ವನ ಹಿಂದ ಓಡ್ತು. ಅದಕ್ಕ ಗೋಧೀನ ಆಗಿಬರೂದಿಲ್ಲ ಅನಸ್ತೈತ್ರಿ."

ಇಷ್ಟು ವರ್ಷ ಆಸ್ಪತ್ರೆಯಲ್ಲಿದ್ದೂ ನನಗೆ ಹೊಳೆಯದ ಮಾತನ್ನು ಅವಳು ಕೊಡ ತುಂಬಿಸುತ್ತ ಹೇಳಿದಳು. ತಾಯಿ ಮಗ ಇಬ್ಬರನ್ನೂ ನಮ್ಮ ಆಸ್ಪತ್ರೆಯ ಡಾಕ್ಟರರ ಬಳಿ ಕರೆದೊಯ್ದೆ. ಅವರು ಹುಡುಗನ ಉಗುರು, ರೆಪ್ಪೆ, ಕಾಲು ಎಲ್ಲ ನೋಡಿದರು. "ಉಂಡದ್ದು ಇವನ ಮೈಗೆ ಹತ್ತುತ್ತಿಲ್ಲ. ಅದಕ್ಕೇ ರಕ್ತವಿಲ್ಲ, ಎಲುಬಿಗೆ ಬಲವಿಲ್ಲ. ಕಾರಣ ನನಗೂ ಗೊತ್ತಿಲ್ಲ. ಇಂಥ ಮಕ್ಕಳಿಗೆ ಬ್ರೆಡ್ಡು ಬಿಡಿಸಿ ಮಾಗಿದ ಬಾಳೆಹಣ್ಣು ಕೊಟ್ಟರೆ ಚೇತರಿಸಿಕೊಂಡದ್ದನ್ನು ಓದಿದ್ದೇನೆ. ಈ ತಾಯಿ ಕಂಡದ್ದನ್ನೇ ನಂಬಿ. ಗೋಧಿ ಮುಟ್ಟಿಸಬೇಡಿ, ಜೋಳ ಒಗ್ಗಿದ್ದರೆ ಜೋಳ ಕೊಡಿ," ಎಂದರು.

ಚನ್ನಬಸವ್ವನವರಿಗೆ ಇದನ್ನು ಹೇಳಿದೆ.

"ಹೊಟ್ಟಿ ಕೆಟ್ಟ ಕೂಸಿಗೆ ಥಂಡಿ ಬಾಳೆಹಣ್ಣ? ಯಾವ ಡಾಕ್ಟರ್ ಅವಾ?"

"ಗೋಧಿ ಬಿಟ್ಟ ಮ್ಯಾಲೆ ಆರಾಮ ಆಗ್ಯಾನಲ್ಲರಿ, ನೀವss ಕಣ್ಣಾರೆ ನೋಡೀರಿ."

"ಅದು ನನ್ನ ಹರಕಿಯಿಂದ ಆಗಿದ್ದು. ನಮ್ಮ ಮನಿ ಗಂಡುಮಗ ಹೆಂಗಸರ ಹಂಗ ರೊಟ್ಟಿ ತಿಂದು ಬೆಳಿಬೇಕೇನ? ನಾಕ್ ಮಂದಿ ಏನಂದಾರು?"

ನಾಕು ಮಂದಿ. ಆ ನಾಕು ಮಂದಿ ಚಹಾ ಕುಡಿದು ಹೋಗುವವರು. ನಿಜಲಿಂಗ ನರಳುವಾಗ ಒಬ್ಬರೂ ಇತ್ತ ಹಾಯಲಿಲ್ಲ. ಸಿದ್ರಾಮಪ್ಪ ಗೋಡೆಗೊರಗಿ ಪತ್ರಿಕೆ ಓದುತ್ತಿದ್ದರು. "ಯವ್ವ ಹೇಳಿದಂಗ ಆಗ್ಲಿ," ಎಂದರು. ಮಗನನ್ನು ಕಳೆದುಕೊಂಡ ಗಂಡಸಿನ ಬಾಯಲ್ಲಿ ಆ ಮಾತು ಕೇಳಿ ಅವರ ಮುಖ ನೋಡಲೂ ನನಗೆ ಅಸಹ್ಯವಾಯಿತು.

ಶಿರೂರಿನಿಂದ ಗೋಧಿಯ ಚೀಲ ಬಂತು. ಮೂರೇ ವಾರದಲ್ಲಿ ಆ ನಾತ ಮತ್ತೆ ಅಂಗಳ ತುಂಬಿತು. ಹುಡುಗ ನಡೆಯುವುದನ್ನು ಬಿಟ್ಟ. ಒಂದು ಸೋಮವಾರ ಮುಂಜಾನೆ ಮುರುಗೆಪ್ಪನೂ ಬಂದ.

ನಾನು ಓಡಿದೆ. ಅಡಿಗೆಮನೆಯ ಒಲೆಯಲ್ಲಿ ಸಲಾಕೆ ಕೆಂಪಗಾಗಿತ್ತು. ಅಜ್ಜಿ ಹುಡುಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಂಗಿ ಎತ್ತಿದ್ದರು. "ಹಿರೇದಕ್ಕ ಮೂರು ಸಾಲಲಿಲ್ಲ, ಇದಕ್ಕ ಐದು ಹಾಕೂಣು," ಎಂದು ಮುರುಗೆಪ್ಪ ಲೆಕ್ಕ ಹೇಳುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಶಿವಗಂಗವ್ವ ನಳದಿಂದ ತಂದ ಕೊಡವನ್ನು ಇಡಿಯಾಗಿ ಒಲೆಗೆ ಸುರಿದಳು. ಬೂದಿ ಎದ್ದು ಹುಗ್ಗಿಯ ಪಾತ್ರೆಯಲ್ಲಿ ಬಿತ್ತು.

ಚನ್ನಬಸವ್ವ ಹುಡುಗನನ್ನು ತೊಡೆಯಿಂದ ಇಳಿಸಿ ಎದ್ದರು. "ತುಂಬಿದ ಮನ್ಯಾಗ ಒಲಿಗೆ ನೀರ ಹಾಕ್ತಾರೇನ? ಸತ್ತವರ ಮನಿ ಮಾಡಿದಿ."

"ಆವತ್ತು ಒಂದು ಕೂಸು ಸತ್ತಾಗ ಇದು ಸತ್ತವರ ಮನಿ ಆಗಲಿಲ್ಲೇನ್ರಿ ಅತ್ತಿ? ಈ ಒಲಿ ನನ್ನ ಮಗನ್ನ ತಿಂದೈತಿ. ಇವನ್ನ ಕೊಡಾಂಗಿಲ್ಲ ನಾ."

ಅವಳು ಮಗನನ್ನು ಎತ್ತಿಕೊಂಡಳು. ಭೀಮವ್ವ ಜೋಳದ ಹಿಟ್ಟಿನ ಡಬ್ಬಿ ಹೊತ್ತಳು. ಇಬ್ಬರೂ ಅಂಗಳ ದಾಟಿ ನನ್ನ ಕೋಣೆಗೆ ಬಂದರು. ಮಧ್ಯಾಹ್ನದ ಹೊತ್ತಿಗೆ ನನ್ನ ಒಲೆಯ ಮೇಲೆ ರೊಟ್ಟಿ ಬೇಯುತ್ತಿತ್ತು.

ಇಪ್ಪತ್ತು ದಿನದ ಮೇಲೆ ಸಿದ್ರಾಮಪ್ಪ ಬಾಗಿಲಿಗೆ ಬಂದರು. ತಾಯಿಗೆ ಕಾಣದ ಹಾಗೆ ಕೋಟಿನೊಳಗೆ ನಾಲ್ಕು ಬಾಳೆಹಣ್ಣು ಬಚ್ಚಿಟ್ಟುಕೊಂಡಿದ್ದರು. "ಮನಿಗೆ ಬಾ," ಎಂದರು ಹೆಂಡತಿಗೆ, ಮೆತ್ತಗೆ.

"ಬಚ್ಚಿಟ್ಟು ತಂದಿದ್ದನ್ನ ನಿಮ್ಮವ್ವನ ಮುಂದss ಮಗನ ಕೈಯಾಗ ಕೊಡ್ರಿ. ಆವತ್ತ ಬರ್ತೀನಿ."

ಬಾಗಿಲಲ್ಲಿ ಯಾರೋ ನಿಂತದ್ದು ಕಂಡದ್ದೇ ಹೊಳಬಸಪ್ಪ ಗೋಡೆ ಹಿಡಿದು ಎದ್ದು ನಿಂತ. ಯಾರೂ ಹೇಳದೆ, ರೂಢಿಯಂತೆ, ತಾನೇ ಅಂಗಿ ಎತ್ತಿ ಹೊಟ್ಟೆ ತೋರಿಸಿದ. ಊತ ಇಳಿದಿತ್ತು. ಒಂದೂ ಬರೆ ಇರಲಿಲ್ಲ. ಸಿದ್ರಾಮಪ್ಪ ನೋಡಲಾರದೆ ತಲೆ ತಗ್ಗಿಸಿದರು.

ಶಿವಗಂಗವ್ವ ಮಗನ ಅಂಗಿಯನ್ನು ಕೆಳಗೆಳೆದು ಸರಿಮಾಡಿದಳು. "ಇನ್ನ ಯಾರಿಗೂ ತೋರಸೂದು ಬ್ಯಾಡಪ್ಪಾ," ಎಂದು ಅವನ ಕೈಗೆ ರೊಟ್ಟಿ ಕೊಟ್ಟಳು.