ಉಳಿದ ಆರು ಪುಟ

೨೦೨೫ರ ಫೆಬ್ರವರಿ ೧೧, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಆಕೆ ಮಂಚದ ಕೆಳಗೆ ಮೂರನೆಯ ಸಲ ಬಗ್ಗಿ ನೋಡಿದಳು. ಪುಸ್ತಕ ಅಲ್ಲಿಯೂ ಇರಲಿಲ್ಲ.

"ಏನು ಹುಡುಕ್ತಿದೀರ ಅತ್ತಿಗೆ?" ಬಾಗಿಲಲ್ಲಿ ನಾದಿನಿ ನಿಂತಿದ್ದಳು.

"ಹಸಿರು ರಟ್ಟಿನ ಕತೆ ಪುಸ್ತಕ."

"ಲೈಬ್ರರಿದಾ? ಬೆಳಗಾಗ್ತಿದ್ದಂಗೇ ನಮ್ಮನೆಯವರ ಕೈಲಿ ವಾಪಸ್ ಕಳಿಸ್ದೆ. ಹೋದವರ ಹೆಸರಲ್ಲಿ ಇನ್ನೊಬ್ಬರ ವಸ್ತು ಯಾಕೆ ಇರ್ಬೇಕು ಅಂತ."

"ಕೇಳಬಾರದಿತ್ತಾ?"

"ನಿಮಗೆ ತೊಂದರೆ ಕೊಡೋದು ಬೇಡ ಅಂತಲೇ ಅಲ್ವಾ ಅತ್ತಿಗೆ!"

ಆಕೆ ಹಲ್ಲು ಕಚ್ಚಿ ನಡುಮನೆಗೆ ಬಂದಳು. ಅಲ್ಲಿ ಗಂಡನ ದೇಹದ ಸುತ್ತ ಕುಳಿತವರದು ಒಂದೇ ಮಾತು.

"ಅದು ಕೈಯಲ್ಲ, ಥರ್ಮಾಮೀಟರು," ಎನ್ನುತ್ತಿದ್ದ ಡೈರಿಯ ಬಾಯ್ಲರಿನವನು. ಅಲ್ಲಿ ಗಂಡನಿಗೆ ಮೂವತ್ತೊಂದು ವರ್ಷದ ಜೊತೆಗಾರ. "ಹಾಲಿನ ಕ್ಯಾನು ಮುಟ್ಟಿ ನಾಲ್ಕೂವರೆ ಡಿಗ್ರಿ ಅಂದ್ರೆ ನಾಲ್ಕೂವರೆನೇ. ಒಂದು ಸಲ ಮೀಟರ್ ತಪ್ಪಿತ್ತು, ಇವನು ತಪ್ಪಲಿಲ್ಲ."

"ನಮ್ಮ ಮಗೂಗೆ ಜ್ವರ ಬಂದಾಗೆಲ್ಲ ಇಲ್ಲಿಗೇ ಓಡಿ ಬರ್ತಿದ್ವಿ," ಎಂದಳು ಪಕ್ಕದ ಮನೆಯವಳು. "ದೇವರು ಕೊಟ್ಟ ವರ."

ವರವಂತೆ! ಬಂದವರು ಹೋದ ಮೇಲೆ ಅವನು ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು, "ಇವತ್ತಿಗೆ ಅಂಗಡಿ ಬಂದ್ ಕಣೇ," ಎಂದು ಗೋಡೆಗೆ ಮುಖ ಮಾಡುತ್ತಿದ್ದುದನ್ನು ಇವರಲ್ಲಿ ಯಾರು ಕಂಡಿದ್ದರು?

*

ಮದುವೆಯಾದ ಹೊಸತರಲ್ಲಿ ಅವನು ಆಕೆಯ ಕೈ ಹಿಡಿದಾಗಲೆಲ್ಲ ಬಾಯಿತಪ್ಪಿ, "ಮೂವತ್ತಾರೂವರೆ," ಎಂದುಬಿಡುತ್ತಿದ್ದ.

"ನಾನೇನು ಹಾಲಿನ ಕ್ಯಾನಾ?" ಎಂದು ಆಕೆ ಕೈ ಕೊಸರಿಕೊಂಡಿದ್ದಳು. ಆಮೇಲೆ ಅವನು ಹೇಳಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು.

ಆ ದಿನಗಳಲ್ಲೇ ಅವನಿಗೆ ವೈಜ್ಞಾನಿಕ ಕತೆಗಳ ಹುಚ್ಚು ಹತ್ತಿದ್ದು. ಅದರಲ್ಲೂ ಬೇಡದ ಶಕ್ತಿ ತಲೆಗೆ ಕಟ್ಟಿಕೊಂಡು ಒದ್ದಾಡುವವರ ಕತೆಗಳು. "ಈ ಬಡಪಾಯಿಗೆ ಊರವರ ಹಲ್ಲುನೋವೆಲ್ಲ ತನ್ನ ದವಡೇಲೇ ಬರುತ್ತಂತೆ! ನಾನು ಅಗ್ಗದಲ್ಲಿ ಪಾರಾದೆ," ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನು ಹಾಗೆ ನಕ್ಕಿದ್ದು ಆ ಪುಸ್ತಕಗಳೊಡನೆ ಮಾತ್ರ.

ಅವನ ಕಣ್ಣು ಮಂಜಾದ ಮೇಲೆ ಆಕೆ ಓದಿ ಹೇಳತೊಡಗಿದಳು. ಕೊನೆಗೆ ಕೆಲವು ಪುಟ ಇರುವಾಗ ನಿಲ್ಲಿಸಬೇಕು, ಇಬ್ಬರೂ ಮುಕ್ತಾಯ ಊಹಿಸಬೇಕು, ಮರುದಿನ ಓದಬೇಕು. ಇದು ಅವರ ನಿಯಮ. ಆಕೆ ಯಾವಾಗಲೂ, "ಶಕ್ತಿ ಹೋಗಿಬಿಡುತ್ತೆ," ಎನ್ನುವಳು. ಅವನು, "ಹೋಗಲ್ಲ, ಹೊಂದ್ಕೊಂಡು ಬಾಳ್ತಾರೆ," ಎನ್ನುವನು.

ಭಾನುವಾರ ರಾತ್ರಿ ಹಸಿರು ರಟ್ಟಿನ ಪುಸ್ತಕದಿಂದ ಓದಿದ ಕತೆ ಒಬ್ಬ ಅಂಚೆಯವಳದು. ಲಕೋಟೆ ಮುಟ್ಟಿದರೆ ಸಾಕು, ಒಳಗಿನ ಬರಹ ಅವಳಿಗೆ ತಿಳಿದುಬಿಡುತ್ತದೆ. ಒಂದು ದಿನ ಅವಳ ಹೆಸರಿಗೇ ಕಾಗದ ಬರುತ್ತದೆ. ಇನ್ನು ಆರು ಪುಟ.

"ಒಡೆದು ಓದ್ತಾಳೆ," ಎಂದ ಅವನು. "ಗೊತ್ತಿರೋದು ಬೇರೆ, ಓದೋದು ಬೇರೆ. ನೀನು ಹೇಳು."

"ನಿದ್ದೆ ಬರ್ತಿದೆ. ನಾಳೆ ಹೇಳ್ತೀನಿ," ಎಂದಿದ್ದಳು.

ಸೋಮವಾರ ಅವನು ಏಳಲಿಲ್ಲ.

*

ಹತ್ತೂವರೆಗೆ ಆಕೆ ಬಾಯ್ಲರಿನವನ ಸ್ಕೂಟರಿನಲ್ಲಿ ಲೈಬ್ರರಿಯ ಮುಂದೆ ಇಳಿದಳು. ಬಾಗಿಲಿಗೆ ಬೀಗ. ಮಂಗಳವಾರ ತೆರೆಯುವುದು ಮಧ್ಯಾಹ್ನ ಒಂದಕ್ಕೆ. ಪುಸ್ತಕ ಹಿಂದಿರುಗಿಸುವ ಕಬ್ಬಿಣದ ಪೆಟ್ಟಿಗೆಯ ಸೀಳಿನಲ್ಲಿ ಆಕೆ ಮೊಣಕೈವರೆಗೆ ತೋಳು ತೂರಿಸಿದಳು. ಬೆರಳ ತುದಿಗೆ ರಟ್ಟು ತಾಗಿತು; ಹಿಡಿತಕ್ಕೆ ಸಿಗಲಿಲ್ಲ.

"ಅಕ್ಕಾ, ಚರ್ಮ ತರಚ್ತಿದೆ. ಬೇರೆ ಪುಸ್ತಕ ಓದಿದ್ರೆ ಆಗಲ್ವಾ?"

"ಆಗಲ್ಲ."

"ಹನ್ನೊಂದೂವರೆಗೆ ಚಿತಾಗಾರದಲ್ಲಿ ನಮ್ಮ ಸರದಿ."

ಆಕೆ ಪೆಟ್ಟಿಗೆಗೆ ಒಂದು ಒದೆ ಕೊಟ್ಟು ಸ್ಕೂಟರ್ ಹತ್ತಿದಳು.

ಚಿತಾಗಾರದಲ್ಲಿ ಕೈಗವಸು ತೊಟ್ಟ ಕೆಲಸದವನು ಗಡಿಯಾರ ನೋಡಿದ. "ಎರಡು ನಿಮಿಷ ಅಮ್ಮಾ. ಇನ್ನೊಬ್ಬರು ಕಾಯ್ತಿದಾರೆ."

ಆಕೆ ಗಂಡನ ಕಿವಿಗೆ ಬಗ್ಗಿದಳು. "ಪುಸ್ತಕ ಸಿಗಲಿಲ್ಲ ರೀ. ನಿಮ್ಮ ತಂಗಿ ಉಪಕಾರ ಮಾಡಿಬಿಟ್ಟಳು. ಇರಲಿ, ನನ್ನದು ಹೇಳ್ತೀನಿ. ಅವಳು ಒಡೆದು ಓದ್ತಾಳೆ. ಈ ಸಲ ನಿಮ್ಮ ಕಡೆಗೇ ನಾನೂ. ಸರಿಯೋ ತಪ್ಪೋ ಹೇಳೋಕೆ ನೀವು ಒಂದು ದಿನ ಇರಬಾರದಿತ್ತಾ?"

"ಆಯ್ತಾ ಅಮ್ಮಾ?"

"ಆಗಿಲ್ಲ," ಎಂದಳು. "ತಗೊಂಡು ಹೋಗಿ."

ಉಕ್ಕಿನ ಬಾಗಿಲು ಜಾರಿ ಮುಚ್ಚಿತು. ಅದರ ಮೇಲಿನ ಫಲಕದಲ್ಲಿ ಕೆಂಪು ಅಂಕಿಗಳು ಏರತೊಡಗಿದವು. ಬಾಯ್ಲರಿನವನು ಮೀಟರ್ ಓದುವ ಅಭ್ಯಾಸಬಲದಿಂದ ತಲೆಯೆತ್ತಿ, ಓದಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ. ಅಂಕಿಗಳು ನಿಂತವು: ೭೬೦ ಡಿಗ್ರಿ.